ಮೂರು ಗಂಟೆಯ ಮೋಡ

ಹವಾಮಾನಕ್ಕೆ ತನ್ನ ನಿಯಮಾವಳಿಯಲ್ಲೇ ಜಾಗ ಕೊಟ್ಟಿರುವ ಆಟಗಳಲ್ಲಿ ಕ್ರಿಕೆಟ್ ಒಂದು. ಮೆರಿಲ್ಬೋನ್ ಕ್ರಿಕೆಟ್ ಕ್ಲಬ್ ರೂಪಿಸಿರುವ ನಿಯಮಗಳ ಪೈಕಿ ಅಂಪೈರುಗಳನ್ನು ಕುರಿತ ಎರಡನೆಯ ನಿಯಮವು, ನೆಲ, ಹವೆ ಅಥವಾ ಬೆಳಕು ಅಪಾಯಕರವಾಗಿದೆಯೇ, ಆಡಲು ತಕ್ಕುದಲ್ಲದ ಸ್ಥಿತಿಯಲ್ಲಿದೆಯೇ ಎಂದು ತೀರ್ಮಾನಿಸುವ ಹೊಣೆಯನ್ನು ಅವರಿಗೇ ವಹಿಸುತ್ತದೆ. ಫುಟ್‌ಬಾಲ್ ಕೆಸರಿನಲ್ಲೂ ನಡೆಯುತ್ತದೆ. ಕ್ರಿಕೆಟ್ ನಡೆಯುವುದಿಲ್ಲ, ಏಕೆಂದರೆ ಸುಮಾರು 160 ಗ್ರಾಂ ತೂಕದ ಚರ್ಮದ ಚೆಂಡು ಇಪ್ಪತ್ತೆರಡು ಗಜದ ಒಂದು ಪಟ್ಟಿಯ ಮೇಲೆ ಬಿದ್ದು ಪುಟಿಯುವ ರೀತಿಯನ್ನೇ ಇಡೀ ಆಟ ನೆಚ್ಚಿಕೊಂಡಿದೆ, ಮತ್ತು ಆ ಪುಟಿತವು ನೆಲದ ತೇವಕ್ಕೆ ತಕ್ಕಂತೆ ಬದಲಾಗುತ್ತದೆ. ಆದುದರಿಂದ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಹಾಸನದ ಯಾವುದೋ ಕಾಲೇಜಿನ ಮೈದಾನದ ಅಂಚಿನಲ್ಲಿ, ಮರದ ನೆರಳಿನಲ್ಲಿಯೋ ಕಲ್ಲಿನ ಮೆಟ್ಟಿಲ ಮೇಲೋ ಕುಳಿತು ತನ್ನ ಕಾಲೇಜಿನ ತಂಡವನ್ನು ಹುರಿದುಂಬಿಸುವ ವಿದ್ಯಾರ್ಥಿ, ಮಧ್ಯಾಹ್ನ ಮೂರರ ಹೊತ್ತಿಗೆ ಬ್ಯಾಟರಿನಷ್ಟೇ ಆಸಕ್ತಿಯಿಂದ ಪಶ್ಚಿಮದ ಆಕಾಶವನ್ನೂ ನೋಡತೊಡಗುತ್ತಾನೆ. ಅವನು ಅಲ್ಲಿ ಕಾಣುವುದೇನು, ಅದರಿಂದ ಎಷ್ಟನ್ನು ಊಹಿಸಬಹುದು, ಮಳೆ ಬಂದು ಹೋದ ಮೇಲೆ ಮೈದಾನದಲ್ಲೂ ಸ್ಕೋರು ಪುಸ್ತಕದಲ್ಲೂ ಏನಾಗುತ್ತದೆ ಎಂಬುದು ಈ ಅಧ್ಯಾಯದ ವಿಷಯ.

ಮೊದಲು ನೆಲದ ಇರವನ್ನು ಗಮನಿಸಬೇಕು. ಹಾಸನ ನಗರವು ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಮಂಗಳೂರಿನ ಕಡಲತೀರ ಅಲ್ಲಿಂದ ನೇರ ಗೆರೆಯಲ್ಲಿ ಸುಮಾರು 135 ಕಿಲೊಮೀಟರ್ ದೂರದಲ್ಲಿದ್ದು, ನಡುವೆ ಸಕಲೇಶಪುರದ ಆಚೆ ಪಶ್ಚಿಮ ಘಟ್ಟದ ಗೋಡೆ ನಿಂತಿದೆ. ದಕ್ಷಿಣಕ್ಕೆ ಹೇಮಾವತಿಯ ದಡದಲ್ಲಿ ಹೊಳೆನರಸೀಪುರ, ಹೇಮಾವತಿ ಮತ್ತು ಕಾವೇರಿಗಳ ನಡುವಣ ಭೂಮಿಯಲ್ಲಿ ಕೊಡಗಿಗೆ ಹತ್ತಿರವಾಗಿ ಅರಕಲಗೂಡು, ಪೂರ್ವಕ್ಕೆ ತೆಂಗಿನ ತೋಟಗಳ ಬಯಲುಸೀಮೆಯಲ್ಲಿ ಚನ್ನರಾಯಪಟ್ಟಣ. ಈ ಮೂರೂ ಊರುಗಳು ಹಾಸನದಿಂದ ಮೂವತ್ತು, ನಲವತ್ತು ಕಿಲೊಮೀಟರುಗಳ ಆಸುಪಾಸಿನಲ್ಲಿವೆ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಮಳೆಯ ಲೆಕ್ಕದಲ್ಲಾದರೋ ಇವು ಬೇರೆ ಬೇರೆ ಸೀಮೆಗಳು. ಸಕಲೇಶಪುರದ ಕಡೆ ವರ್ಷಕ್ಕೆ 2000 ಮಿಲಿಮೀಟರ್ ಮೀರಿ ಸುರಿಯುವ ಮಳೆ ಪೂರ್ವಕ್ಕೆ ಸರಿದಂತೆ ಬೇಗ ಬೇಗ ಇಳಿದು, ಚನ್ನರಾಯಪಟ್ಟಣದ ಹೊತ್ತಿಗೆ 700 ಮಿಲಿಮೀಟರಿನ ಸುತ್ತಮುತ್ತ ಬಂದು ನಿಲ್ಲುತ್ತದೆ.

ಈ ಇಳಿತಕ್ಕೆ ಕಾರಣ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರು. ಅರಬ್ಬೀ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುವಾಗ ತಣ್ಣಗಾಗಿ ತನ್ನ ನೀರನ್ನು ಅಲ್ಲೇ ಸುರಿಸುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಇಳಿಯುವಾಗ ಅದೇ ಗಾಳಿ ಒತ್ತಡ ಹೆಚ್ಚಿ ಬೆಚ್ಚಗಾಗುವುದರಿಂದ ಮೋಡ ಕರಗುತ್ತದೆ. ಬೆಟ್ಟಸಾಲಿನ ಮರೆಗೆ ಬಿದ್ದು ಮಳೆ ಕಡಿಮೆಯಾದ ಇಂಥ ಪ್ರದೇಶವನ್ನು ಮಳೆ ನೆರಳಿನ ಪ್ರದೇಶ ಎನ್ನುತ್ತಾರೆ. ಜುಲೈ ತಿಂಗಳಲ್ಲಿ ಅರಕಲಗೂಡಿನ ಪಶ್ಚಿಮದ ಹೋಬಳಿಗಳಲ್ಲಿ ದಿನವಿಡೀ ಸೋನೆ ಹಿಡಿದಿರುವಾಗ ಚನ್ನರಾಯಪಟ್ಟಣದಲ್ಲಿ ಬರಿಯ ಗಾಳಿ ಬೀಸುತ್ತಿರುವುದೂ, ಹೊಳೆನರಸೀಪುರದ ಮೇಲೆ ಒಂದು ಹನಿಯೂ ಬೀಳದಿದ್ದಾಗ ಮೂಡಿಗೆರೆ, ಸಕಲೇಶಪುರಗಳ ಮಳೆಯಿಂದ ಹೇಮಾವತಿ ತುಂಬಿ ಗೊರೂರಿನ ಜಲಾಶಯದ ಗೇಟು ತೆರೆಯಬೇಕಾಗುವುದೂ ಈ ನೆರಳಿನ ಪರಿಣಾಮವೇ. ಮುಂಗಾರಿನ ಸೋನೆಗೆ ಸಿಕ್ಕ ಪಂದ್ಯದ ವಿಚಾರದಲ್ಲಿ ವಿಜ್ಞಾನಕ್ಕೆ ಹೇಳಲು ಹೆಚ್ಚೇನೂ ಇಲ್ಲ: ಅರ್ಧ ಮಿಲಿಮೀಟರಿಗಿಂತ ಸಣ್ಣ ಹನಿಗಳು ಸೆಕೆಂಡಿಗೆ ಎರಡು ಮೀಟರಿನಷ್ಟು ಮೆಲ್ಲಗೆ ಗಂಟೆಗಟ್ಟಲೆ ಇಳಿಯುತ್ತವೆ, ಪಂದ್ಯ ಮುಂದಕ್ಕೆ ಹೋಗುತ್ತದೆ. ಪ್ರೇಕ್ಷಕನನ್ನು ನಿಜವಾಗಿ ಕಾಡುವುದು, ಬೆಳಿಗ್ಗೆ ಸ್ವಚ್ಛ ಬಿಸಿಲು ತೋರಿಸಿ ಮಧ್ಯಾಹ್ನ ಮಾತು ತಪ್ಪುವ ಮಳೆ, ಅಂದರೆ ಮಾರ್ಚ್‌ನಿಂದ ಮೇವರೆಗಿನ ಮುಂಗಾರು ಪೂರ್ವದ ಗುಡುಗು ಮಳೆ.

ಈ ಮಳೆ ದೂರದಿಂದ ಸಿದ್ಧವಾಗಿ ಬರುವುದಿಲ್ಲ. ಬಹುಮಟ್ಟಿಗೆ ಅದೇ ದಿನ, ಅದೇ ಜಿಲ್ಲೆಯ ಮೇಲೆ ಹುಟ್ಟಿ ಅಲ್ಲೇ ಸಾಯುತ್ತದೆ. ಬೆಳಗಿನ ಬಿಸಿಲಿಗೆ ಕಾದ ಉತ್ತ ಹೊಲ, ಡಾಂಬರು ರಸ್ತೆ, ಮೈದಾನದ ಕೆಂಪು ನೆಲ ಇವು ತಮಗೆ ತಾಗಿದ ಗಾಳಿಯನ್ನು ಬಿಸಿಮಾಡುತ್ತವೆ. ಬಿಸಿಯಾದ ಗಾಳಿ ಹಿಗ್ಗಿ ಹಗುರಾಗಿ ಮೇಲೇರುತ್ತದೆ. ತೇವ ತುಂಬಿದ ಗಾಳಿ ಭಾರವೆಂದು ಸಾಮಾನ್ಯವಾಗಿ ತಿಳಿಯಲಾಗಿದೆ, ಸೆಖೆಯ ದಿನ ಮೈಗೆ ಅನಿಸುವುದೂ ಹಾಗೆಯೇ. ವಾಸ್ತವದಲ್ಲಿ ನೀರಿನ ಅಣುವಿನ ತೂಕ 18, ಒಣ ಗಾಳಿಯ ಅಣುಗಳ ಸರಾಸರಿ ತೂಕ ಸುಮಾರು 29 ಆಗಿರುವುದರಿಂದ ನೀರಾವಿ ಬೆರೆತಷ್ಟೂ ಗಾಳಿ ಹಗುರಾಗುತ್ತದೆ. ಮೇಲೇರುವ ಗಾಳಿ ಪ್ರತಿ ಕಿಲೊಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಂತೆ ತಣ್ಣಗಾಗುತ್ತ ಹೋಗಿ, ಒಂದು ಎತ್ತರದಲ್ಲಿ ತನ್ನೊಳಗಿನ ಆವಿಯನ್ನು ಹಿಡಿದಿಡಲಾರದ ಸ್ಥಿತಿಯನ್ನು ಮುಟ್ಟುತ್ತದೆ. ಯಾವ ಉಷ್ಣತೆಗೆ ತಣಿಸಿದರೆ ಆವಿ ಹನಿಗಟ್ಟುವುದೋ ಅದನ್ನು ಇಬ್ಬನಿ ಬಿಂದು ಎನ್ನುತ್ತಾರೆ. ನೆಲದ ಬಳಿಯ ಉಷ್ಣತೆಗೂ ಇಬ್ಬನಿ ಬಿಂದುವಿಗೂ ಇರುವ ವ್ಯತ್ಯಾಸದ ಪ್ರತಿ ಡಿಗ್ರಿಗೆ 125 ಮೀಟರಿನಂತೆ ಲೆಕ್ಕ ಹಾಕಿದರೆ ಮೋಡದ ಬುಡ ಎಷ್ಟು ಎತ್ತರದಲ್ಲಿ ಕಟ್ಟುತ್ತದೆ ಎಂಬುದು ಸ್ಥೂಲವಾಗಿ ಸಿಗುತ್ತದೆ. ಮಧ್ಯಾಹ್ನದ ಉಷ್ಣತೆ 33 ಡಿಗ್ರಿ, ಇಬ್ಬನಿ ಬಿಂದು 19 ಡಿಗ್ರಿ ಇದ್ದರೆ ಮೋಡದ ಬುಡ ಮೈದಾನದಿಂದ 1750 ಮೀಟರ್ ಮೇಲಿರುತ್ತದೆ. ಆಕಾಶದಲ್ಲಿ ಅಲ್ಲಲ್ಲಿ ತೇಲುವ ಬಿಳಿ ಮೋಡಗಳ ತಳವೆಲ್ಲ ಒಂದೇ ಮಟ್ಟದಲ್ಲಿ ಕತ್ತರಿಸಿದಂತೆ ಕಾಣುವುದು ಇದೇ ಕಾರಣದಿಂದ.

ಇಲ್ಲಿಂದ ಮುಂದೆ ಮೋಡ ತನ್ನ ಇಂಧನವನ್ನು ತಾನೇ ಒದಗಿಸಿಕೊಳ್ಳುತ್ತದೆ. ಒಂದು ಕಿಲೋಗ್ರಾಂ ಆವಿ ನೀರಾಗುವಾಗ ಸುಮಾರು 25 ಲಕ್ಷ ಜೂಲ್ ಶಾಖ ಬಿಡುಗಡೆಯಾಗುತ್ತದೆ. ಆವಿಯಲ್ಲಿ ಅಡಗಿದ್ದ ಈ ಶಾಖವೇ ಗುಪ್ತೋಷ್ಣ. ಅದು ಮೋಡದೊಳಗಿನ ಗಾಳಿಯನ್ನು ಸುತ್ತಲಿನ ಗಾಳಿಗಿಂತ ಬೆಚ್ಚಗೆ ಇಡುವುದರಿಂದ ಏರಿಕೆ ನಿಲ್ಲುವುದಿಲ್ಲ. ಮಧ್ಯಾಹ್ನ ಎರಡಕ್ಕೆ ಹತ್ತಿಯುಂಡೆಯಂತಿದ್ದ ಮುಗಿಲು ಮೂರೂವರೆಯ ಹೊತ್ತಿಗೆ ಹನ್ನೆರಡು ಕಿಲೊಮೀಟರ್ ಎತ್ತರದ ಗೋಪುರವಾಗಬಲ್ಲದು. ಸುಮಾರು ಐದು ಕಿಲೊಮೀಟರಿನ ಮೇಲೆ ಉಷ್ಣತೆ ಸೊನ್ನೆಗಿಂತ ಕೆಳಗಿರುವುದರಿಂದ ಅಲ್ಲಿ ಮಂಜಿನ ಹರಳುಗಳೂ ಸಣ್ಣ ಆಲಿಕಲ್ಲುಗಳೂ ರೂಪುಗೊಂಡು ಒಂದಕ್ಕೊಂದು ತಾಕಿ ವಿದ್ಯುದಾವೇಶ ಪಡೆಯುತ್ತವೆ. ಮೈದಾನದಲ್ಲಿ ಕುಳಿತವನು ಗಮನಿಸಬೇಕಾದದ್ದು ಮೋಡದ ಬಣ್ಣಕ್ಕಿಂತ ಹೆಚ್ಚಾಗಿ ಅದರ ತಲೆಯನ್ನು. ತುದಿ ಹೂಕೋಸಿನ ಹಾಗೆ ಗಂಟುಗಂಟಾಗಿ, ಅಂಚು ಸ್ಪಷ್ಟವಾಗಿದ್ದರೆ ಮೋಡ ಇನ್ನೂ ನೀರಹನಿಗಳಿಂದ ಕೂಡಿ ಬೆಳೆಯುತ್ತಿದೆ ಎಂದೂ, ಅಂಚು ಮಸುಕಾಗಿ ನಾರುನಾರಾಗಿ ಪಕ್ಕಕ್ಕೆ ಹರಡತೊಡಗಿದರೆ ತುದಿ ಹೆಪ್ಪುಗಟ್ಟಿ ಮಳೆಯ ಕೆಲಸ ಒಳಗೆ ಆರಂಭವಾಗಿದೆ ಎಂದೂ ತಿಳಿಯಬಹುದು.

ಬಿಸಿಲು, ತೇವ ಎರಡೂ ಇದ್ದ ಮಾತ್ರಕ್ಕೆ ಪ್ರತಿ ಮಧ್ಯಾಹ್ನವೂ ಗುಡುಗುವುದಿಲ್ಲವೆಂಬುದು ಗೊತ್ತಿರುವ ಸಂಗತಿ. ಗಾಳಿಯನ್ನು ಮೊದಲ ಒಂದೆರಡು ಕಿಲೊಮೀಟರ್ ಎತ್ತಿಕೊಡುವ ಒಂದು ನೂಕು ಬೇಕಾಗುತ್ತದೆ, ಮತ್ತು ಹಾಸನ ಸೀಮೆಗೆ ಅಂಥ ನೂಕು ಎರಡು ಕಡೆಯಿಂದ ದೊರೆಯುತ್ತದೆ. ಬೇಸಿಗೆಯಲ್ಲಿ ಅರಬ್ಬೀ ಸಮುದ್ರದ ಕಡೆಯ ಗಾಳಿಯೂ ಬಂಗಾಳ ಕೊಲ್ಲಿಯ ಕಡೆಯ ಗಾಳಿಯೂ ಒಳನಾಡಿನ ಮೇಲೆ ಎದುರುಬದುರಾಗುವ ಒಂದು ಉದ್ದನೆಯ ಗೆರೆ ಮಹಾರಾಷ್ಟ್ರದ ಒಳಭಾಗದಿಂದ ಕರ್ನಾಟಕದ ಒಳನಾಡನ್ನು ಹಾದು ತಮಿಳುನಾಡಿನ ಕಡೆಗೆ ಎಳೆದಂತಿರುತ್ತದೆ. ಹವಾಮಾನ ಇಲಾಖೆಯ ಬೇಸಿಗೆಯ ವರದಿಗಳಲ್ಲಿ ಮತ್ತೆ ಮತ್ತೆ ಬರುವ ‘ಗಾಳಿಯ ಭಿನ್ನತೆಯ ರೇಖೆ’ ಇದೇ. ಎರಡು ಗಾಳಿಗಳು ಒಂದೆಡೆ ಸೇರಿದಾಗ ಮೇಲಕ್ಕಲ್ಲದೆ ಬೇರೆಡೆಗೆ ಹೋಗಲು ದಾರಿಯಿಲ್ಲ. ಇನ್ನೊಂದು ನೂಕು ಘಟ್ಟದ ಇಳಿಜಾರಿನದು: ಬಿಸಿಲಿಗೆ ಬೇಗ ಕಾಯುವ ಇಳಿಜಾರುಗಳ ಮೇಲೆ ಕಡಲಗಾಳಿ ಹತ್ತಿ ಬರುವುದರಿಂದ ಮೊದಲ ಗೋಪುರಗಳು ಅನೇಕ ಸಲ ಅಲ್ಲೇ ಏಳುತ್ತವೆ. ಹಾಸನದ ಪ್ರೇಕ್ಷಕ ಪಶ್ಚಿಮಕ್ಕೆ ಕಣ್ಣು ಹಾಯಿಸುವುದು ಬರಿಯ ಅಭ್ಯಾಸವಲ್ಲ. ಆದರೆ ಮೋಡವನ್ನು ಎಳೆದೊಯ್ಯುವುದು ಮೂರರಿಂದ ಐದು ಕಿಲೊಮೀಟರ್ ಎತ್ತರದ ಗಾಳಿ. ಅದರ ದಿಕ್ಕು ದಿನದಿಂದ ದಿನಕ್ಕೆ ಬದಲಾಗುವುದರಿಂದ ಮೈದಾನದ ಧ್ವಜ ತೋರಿಸುವ ದಿಕ್ಕನ್ನೇ ನಂಬಿ ಮೋಡ ಅತ್ತ ಹೋಯಿತೆಂದು ನಿಟ್ಟುಸಿರು ಬಿಡುವುದು ಅವಸರದ ತೀರ್ಮಾನ.

ಒಂದೊಂದು ಗುಡುಗು ಮೋಡವೂ ಒಂದು ಅಥವಾ ಹಲವು ಕೋಶಗಳಿಂದಾಗಿರುತ್ತದೆ ಎಂಬುದು 1946 ಮತ್ತು 1947ರಲ್ಲಿ ಅಮೆರಿಕದ ಫ್ಲಾರಿಡಾ, ಓಹಾಯೊ ರಾಜ್ಯಗಳಲ್ಲಿ ಮೋಡಗಳೊಳಗೇ ವಿಮಾನ ಹಾರಿಸಿ ನಡೆಸಿದ ಅಧ್ಯಯನದಿಂದ ಖಚಿತವಾಯಿತು. ಕೋಶವೆಂದರೆ ಒಂದು ಏರುಗಾಳಿ, ಅದರ ಬೆನ್ನಿಗೆ ಒಂದು ಇಳಿಗಾಳಿ. ಬೆಳೆಯುವ ಹಂತದಲ್ಲಿ ಗಾಳಿ ಬರಿಯ ಮೇಲೇರುತ್ತದೆ, ಪಕ್ವ ಹಂತದಲ್ಲಿ ಮಳೆಯೊಂದಿಗೆ ತಣ್ಣನೆಯ ಗಾಳಿಯೂ ಇಳಿಯುತ್ತದೆ, ಕೊನೆಯ ಹಂತದಲ್ಲಿ ಇಳಿಗಾಳಿಯೇ ಏರುಗಾಳಿಯ ಬೇರನ್ನು ಕತ್ತರಿಸಿ ಮೋಡವನ್ನು ಕೊಲ್ಲುತ್ತದೆ. ಇಡೀ ಆಯುಷ್ಯ ಅರ್ಧ ಗಂಟೆಯಿಂದ ಒಂದು ಗಂಟೆ. ಬೀಳುವ ಹನಿಗಳ ಒಂದಂಶ ಒಣ ಗಾಳಿಯಲ್ಲಿ ಆವಿಯಾಗಿ ಆ ಗಾಳಿಯನ್ನು ತಣಿಸುತ್ತದೆ. ತಣಿದು ಭಾರವಾದ ಗಾಳಿ ನೆಲಕ್ಕೆ ಅಪ್ಪಳಿಸಿ ಎಲ್ಲ ದಿಕ್ಕಿಗೂ ಹರಡುತ್ತದೆ. ಸೆಖೆಯಲ್ಲಿ ಬೇಯುತ್ತಿದ್ದ ಮೈದಾನದ ಮೇಲೆ ಒಮ್ಮೆಲೇ ಧೂಳೆಬ್ಬಿಸಿ ಬೀಸುವ ತಂಪು ಗಾಳಿ ಇದೇ, ಮತ್ತು ಮಳೆಗೆ ಇನ್ನು ಕೆಲವೇ ನಿಮಿಷಗಳಿವೆ ಎಂಬುದಕ್ಕೆ ಇದಕ್ಕಿಂತ ನಂಬಲರ್ಹ ಸೂಚನೆ ಮತ್ತೊಂದಿಲ್ಲ. ಈ ಗಾಳಿ ಹೊತ್ತು ತರುವ ಮಣ್ಣಿನ ವಾಸನೆಗೂ ವಿವರಣೆಯಿದೆ. ಆಸ್ಟ್ರೇಲಿಯಾದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ಅದಕ್ಕೆ ಪೆಟ್ರಿಕೋರ್ ಎಂಬ ಹೆಸರಿಟ್ಟರು. ಅದರ ಮುಖ್ಯ ಅಂಶಗಳಲ್ಲೊಂದಾದ ಜಿಯೋಸ್ಮಿನ್ ಎಂಬ ರಾಸಾಯನಿಕವನ್ನು ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಗಳು ಉತ್ಪಾದಿಸುತ್ತವೆ. ದೂರದಲ್ಲಿ ಬಿದ್ದ ಹನಿಗಳು ನೆಲದಿಂದ ಎಬ್ಬಿಸಿದ ಸೂಕ್ಷ್ಮ ತುಂತುರು ಗಾಳಿಯೊಂದಿಗೆ ಬರುವುದರಿಂದ, ಪಕ್ಕದ ಊರಿನ ಮಳೆ ಇಲ್ಲಿನ ಮೂಗಿಗೆ ಮೊದಲು ತಲುಪುತ್ತದೆ.

ಒಂದು ಕೋಶದ ಅಗಲ ಸಾಮಾನ್ಯವಾಗಿ ಐದರಿಂದ ಹತ್ತು ಕಿಲೊಮೀಟರ್. ಹತ್ತು ಕಿಲೊಮೀಟರ್ ಅಗಲದ ವೃತ್ತದ ವಿಸ್ತಾರ ಸುಮಾರು 78 ಚದರ ಕಿಲೊಮೀಟರ್; ಹಾಸನ ಜಿಲ್ಲೆಯ ವಿಸ್ತಾರ 6814 ಚದರ ಕಿಲೊಮೀಟರ್. ಅಂದರೆ ಒಂದು ದೊಡ್ಡ ಕೋಶ ಒಮ್ಮೆಗೆ ತೋಯಿಸುವುದು ಜಿಲ್ಲೆಯ ನೂರರಲ್ಲಿ ಒಂದು ಪಾಲನ್ನು ಮಾತ್ರ. ಹೊಳೆನರಸೀಪುರದಲ್ಲಿ ಬೀದಿ ಹರಿಯುವಂತೆ ಸುರಿದ ಸಂಜೆ ಹಾಸನದಲ್ಲಿ ಪಂದ್ಯ ನಿರಾತಂಕವಾಗಿ ಮುಗಿಯುವುದರಲ್ಲಿ ಆಶ್ಚರ್ಯಪಡಲು ಏನೂ ಇಲ್ಲ. ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಓದುವ ಕ್ರಮವನ್ನೂ ಈ ಲೆಕ್ಕವೇ ಕಲಿಸುತ್ತದೆ. ‘ಒಂದೆರಡು ಕಡೆ ಮಳೆ’ ಎಂದು ಇಲಾಖೆ ಹೇಳಿದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡ 25ರವರೆಗಿನವು ಮಳೆ ದಾಖಲಿಸಬಹುದೆಂದೂ, ‘ಕೆಲವು ಕಡೆ’ ಎಂದರೆ ಶೇಕಡ 26ರಿಂದ 50, ‘ಹಲವು ಕಡೆ’ ಎಂದರೆ 51ರಿಂದ 75, ‘ಬಹುತೇಕ ಕಡೆ’ ಎಂದರೆ ಅದಕ್ಕೂ ಹೆಚ್ಚು ಎಂದೂ ಅರ್ಥ. ‘ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆ’ ಎಂಬ ಸುದ್ದಿ ಕೇಳಿ ಪಂದ್ಯ ನೋಡಲು ಬಾರದೆ ಉಳಿದವನು, ನಾಲ್ಕರಲ್ಲಿ ಮೂರು ಪಾಲಿನ ಒಣ ಮಧ್ಯಾಹ್ನವನ್ನು ಕಳೆದುಕೊಂಡಂತೆ. ಮುನ್ಸೂಚನೆ ಸುಳ್ಳಾಯಿತೆಂಬ ದೂರು ಬಹಳ ಸಲ ಮುನ್ಸೂಚನೆಯನ್ನು ಪೂರ್ತಿ ಓದದವರ ದೂರು.

ರೈತನ ಮಳೆ ಪಂಚಾಂಗಕ್ಕೂ ತನ್ನದೇ ಮಿತಿಯಿದೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು, ಹದಿನಾಲ್ಕು ದಿನಗಳ ಅವಧಿಗೆ ಆ ನಕ್ಷತ್ರದ ಹೆಸರಿನ ಮಳೆಯೆನ್ನುವ ರೂಢಿಯಂತೆ ಏಪ್ರಿಲ್ ನಡುವಿನಿಂದ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೆಯ ವಾರದಿಂದ ಕೃತ್ತಿಕೆ, ಆಮೇಲೆ ರೋಹಿಣಿ. ಭರಣಿಯ ಮಳೆಯನ್ನು ಒಕ್ಕಲು ಮಕ್ಕಳು ಎಷ್ಟು ನೆಚ್ಚುತ್ತಾರೆಂಬುದು ಹಾಸನದ ಆಲೂಗೆಡ್ಡೆ ಮತ್ತು ಅರಕಲಗೂಡಿನ ಹೊಗೆಸೊಪ್ಪಿನ ಹೊಲಗಳನ್ನು ಕಂಡವರಿಗೆ ಗೊತ್ತು. ಮೈದಾನದಂಚಿನಲ್ಲಿ ಕುಳಿತು ಮಳೆ ಬೇಡವೆಂದು ಹರಕೆ ಹೊರುವ ಹುಡುಗನ ಮನೆಯಲ್ಲೇ ಅದೇ ಮಳೆ ಬರಲೆಂದು ಕಾಯುತ್ತಿರುವ ತಂದೆ ಇರುತ್ತಾನೆ. ತಲೆಮಾರುಗಳ ನೆನಪಿನಿಂದ ಕಟ್ಟಿದ ಈ ಪಂಚಾಂಗ ಪಕ್ಷದ ಲೆಕ್ಕವನ್ನು ಹೇಳಬಲ್ಲದು, ಗಂಟೆಯ ಲೆಕ್ಕವನ್ನು ಹೇಳಲಾರದು. ಗಂಟೆಯ ಲೆಕ್ಕಕ್ಕೆ ಈಗ ಇರುವ ಆಸರೆಯೆಂದರೆ ಉಪಗ್ರಹ ಮತ್ತು ರೇಡಾರುಗಳ ಚಿತ್ರ, ಅದರ ಜೊತೆಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ನೆಟ್ಟಿರುವ ಆರು ಸಾವಿರಕ್ಕೂ ಹೆಚ್ಚಿನ ಸ್ವಯಂಚಾಲಿತ ಮಳೆಮಾಪಕಗಳ ಜಾಲ. ಇವು ಹದಿನೈದು ನಿಮಿಷಕ್ಕೊಮ್ಮೆ ಮಾಹಿತಿ ಕಳುಹಿಸುತ್ತವೆ.

ಯಂತ್ರವಿಲ್ಲದೆಯೂ ಒಂದು ಲೆಕ್ಕ ಸಾಧ್ಯ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಆಗಿರುವುದರಿಂದ, ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೊಮೀಟರ್ ದೂರದ್ದೆಂದು ತಿಳಿಯುತ್ತದೆ. ಈ ಅಂತರ ಮೂವತ್ತು ಸೆಕೆಂಡಿಗಿಂತ ಕಡಿಮೆಯಾದಾಗ, ಅಂದರೆ ಸಿಡಿಲು ಹತ್ತು ಕಿಲೊಮೀಟರಿನೊಳಗೆ ಬಂದಾಗ, ಬಯಲನ್ನು ಬಿಡಬೇಕು; ಕೊನೆಯ ಗುಡುಗು ಕೇಳಿದ ಮೇಲೆ ಮೂವತ್ತು ನಿಮಿಷ ಕಳೆಯುವವರೆಗೆ ಮರಳಬಾರದು. ಮಳೆ ಇನ್ನೂ ಬಂದಿಲ್ಲವೆಂಬುದು ರಕ್ಷಣೆಯಲ್ಲ, ಏಕೆಂದರೆ ಮೋಡದ ಮೇಲ್ಭಾಗದಿಂದ ಹೊರಟ ಸಿಡಿಲು ಮಳೆಯ ಅಂಚಿನಿಂದ ಹತ್ತು ಕಿಲೊಮೀಟರ್ ಆಚೆಗೂ ಬಡಿಯಬಲ್ಲದು. ಪ್ರೇಕ್ಷಕರು ಮೊದಲ ಹನಿಗೆ ಓಡಿ ಸೇರುವ ಒಂಟಿ ಮರ, ತೆಂಗಿನ ಸಾಲು, ಶಾಮಿಯಾನ, ಕಂಬದ ಮೇಲಿನ ತಗಡಿನ ಮಾಡು ಇವೆಲ್ಲ ನೆನೆಯದಂತೆ ಕಾಯಬಹುದು, ಸಿಡಿಲಿನಿಂದ ಕಾಯುವುದಿಲ್ಲ. ಕಾಲೇಜಿನ ಪಕ್ಕಾ ಕಟ್ಟಡ ಅಥವಾ ಬಾಗಿಲು ಕಿಟಕಿ ಮುಚ್ಚಿದ ಬಸ್ಸು, ಕಾರು ಮಾತ್ರ ಸುರಕ್ಷಿತ.

ಮೋಡ ಮುಚ್ಚಿದ ಹೊತ್ತಿನ ಬಗ್ಗೆ ಕ್ರಿಕೆಟ್ ವಲಯದಲ್ಲಿ ಬೇರೂರಿದ ಇನ್ನೊಂದು ನಂಬಿಕೆಯೆಂದರೆ ತೇವದ ಗಾಳಿಯಲ್ಲಿ ಚೆಂಡು ಹೆಚ್ಚು ಸ್ವಿಂಗ್ ಆಗುತ್ತದೆ ಎಂಬುದು. ನಾಸಾದ ವಿಜ್ಞಾನಿ ರಬೀಂದ್ರ ಮೆಹ್ತಾ ಮತ್ತು ಇತರರು ಗಾಳಿ ಸುರಂಗದಲ್ಲಿ, ಅಂದರೆ ನಿಯಂತ್ರಿತ ವೇಗದಲ್ಲಿ ಗಾಳಿ ಹಾಯಿಸುವ ಕೊಳವೆಯಲ್ಲಿ ಚೆಂಡನ್ನಿಟ್ಟು ನಡೆಸಿದ ಪ್ರಯೋಗಗಳಲ್ಲಿ ತೇವಾಂಶದಿಂದ ಅಂಥ ವ್ಯತ್ಯಾಸ ಕಂಡುಬಂದಿಲ್ಲ. ಬಿಸಿಲಿಲ್ಲದಾಗ ನೆಲದಿಂದೇಳುವ ಗಾಳಿಯ ಕಲಕು ತಗ್ಗುವುದರಿಂದ ಚೆಂಡಿನ ಸುತ್ತಲಿನ ಪದರ ಕದಡದೆ ಉಳಿಯಬಹುದೆಂಬ ವಿವರಣೆ ಹೆಚ್ಚು ಒಪ್ಪುವಂತಿದೆ, ಆದರೆ ಚರ್ಚೆ ಮುಗಿದಿಲ್ಲ. ಬೌಲರುಗಳಂತೂ ತಮ್ಮ ನಂಬಿಕೆಯನ್ನು ಬಿಟ್ಟಿಲ್ಲ.

ಮಳೆ ಬಿದ್ದಾಯಿತು ಎನ್ನೋಣ. ಒಂದು ಮಿಲಿಮೀಟರ್ ಮಳೆಯೆಂದರೆ ಪ್ರತಿ ಚದರ ಮೀಟರಿಗೆ ಒಂದು ಲೀಟರ್ ನೀರು. ಕೇವಲ 61 ಚದರ ಮೀಟರಿನ ಪಿಚ್ಚಿನ ಮೇಲೆ ಹತ್ತು ಮಿಲಿಮೀಟರ್ ಮಳೆಗೆ 610 ಲೀಟರ್ ಬೀಳುತ್ತದೆ. ಅದನ್ನು ಟಾರ್ಪಾಲು ತಡೆಯಬಲ್ಲದು. ಆದರೆ 65 ಮೀಟರ್ ಬೌಂಡರಿಯ ಮೈದಾನಕ್ಕೆ ಬೀಳುವುದು ಸುಮಾರು 1.33 ಲಕ್ಷ ಲೀಟರ್, ಅಂದರೆ ಐದು ಸಾವಿರ ಲೀಟರಿನ ಇಪ್ಪತ್ತಾರು ಟ್ಯಾಂಕರ್ ನೀರು. ಬಿಸಿಲು ಬಂದರೆ ಒಣಗುತ್ತದೆ ಎಂಬ ಸಮಾಧಾನ ಎಷ್ಟು ದುರ್ಬಲವೆಂದು ಲೆಕ್ಕವೇ ತೋರಿಸುತ್ತದೆ: ಸಂಜೆಯ ಮುಂಚಿನ ಬಿಸಿಲು ಪ್ರತಿ ಚದರ ಮೀಟರಿಗೆ 600 ವಾಟ್ ಕೊಟ್ಟು, ಅದಷ್ಟೂ ನೀರನ್ನು ಆವಿಯಾಗಿಸಲೆಂದೇ ವ್ಯಯವಾದರೂ ಗಂಟೆಗೆ ಒಂದು ಮಿಲಿಮೀಟರ್ ನೀರೂ ಹೋಗುವುದಿಲ್ಲ. ಪಂದ್ಯವನ್ನು ಉಳಿಸುವುದು ಸೂರ್ಯನಿಗಿಂತ ಹೆಚ್ಚಾಗಿ ಮಣ್ಣು ಮತ್ತು ಇಳಿಜಾರು. ಮರಳು ಬೆರೆತ ಗೋಡು ಮಣ್ಣು ಗಂಟೆಗೆ 20ರಿಂದ 30 ಮಿಲಿಮೀಟರ್ ನೀರನ್ನು ಇಂಗಿಸಿಕೊಳ್ಳಬಲ್ಲದು. ಜೇಡಿಗೆ ಸಾಧ್ಯವಾಗುವುದು ಒಂದರಿಂದ ಐದು ಮಿಲಿಮೀಟರ್. ಹಾಸನ ಸೀಮೆಯಲ್ಲಿ ಹೆಚ್ಚಾಗಿರುವುದು ಗ್ರಾನೈಟು, ನೈಸ್ ಶಿಲೆಗಳು ಸವೆದು ಆದ ಕೆಂಪು ಮಣ್ಣು. ಅದರ ಜೇಡಿಯ ಅಂಶ ಬಹುಪಾಲು ಕೆಯೊಲಿನೈಟ್ ಎಂಬ ಖನಿಜ, ಇದು ನೀರು ಕುಡಿದರೂ ಹೆಚ್ಚು ಉಬ್ಬುವುದಿಲ್ಲ. ಹುಲ್ಲಿನ ಪಿಚ್ ಕಟ್ಟಲು ತರುವ ಕಪ್ಪು ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಖನಿಜವಾದರೋ ಪದರ ಪದರಗಳ ನಡುವೆ ನೀರನ್ನು ಸೇರಿಸಿಕೊಂಡು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಗಟ್ಟಿಯಾಗುತ್ತದೆ. ಒಳ್ಳೆಯ ಪುಟಿತ ಕೊಡುವ ಗುಣವೇ ಒದ್ದೆಯಾದಾಗ ಒಣಗದಿರುವ ದೋಷವೂ ಆಗುತ್ತದೆ. ಸಣ್ಣ ಊರಿನ ಮೈದಾನಗಳಲ್ಲಿ ಗಟ್ಟಿ ನೆಲದ ಅಥವಾ ಕಾಂಕ್ರೀಟಿನ ಮೇಲೆ ನಾರಿನ ಮ್ಯಾಟ್ ಎಳೆದು ಕಟ್ಟಿ ಆಡುವ ಪದ್ಧತಿಯನ್ನು ಬಡತನದ ಗುರುತೆಂದು ತಿಳಿಯುವವರಿದ್ದಾರೆ. ಮಳೆಯ ದೃಷ್ಟಿಯಿಂದ ಅದು ಜಾಣತನ. ಮೋಡ ಕವಿದಾಗ ಮ್ಯಾಟನ್ನು ಸುತ್ತಿ ಒಳಗಿಟ್ಟು, ಮಳೆ ಬಿಟ್ಟ ಮೇಲೆ ಕಾಂಕ್ರೀಟನ್ನು ಗುಡಿಸಿ ಒರೆಸಿ ಮತ್ತೆ ಹಾಸಿದರೆ ಪಿಚ್ ಸಿದ್ಧ. ಉಳಿಯುವುದು ಔಟ್‌ಫೀಲ್ಡಿನ ಚಿಂತೆ ಮಾತ್ರ.

ಆ ಚಿಂತೆಯನ್ನು ಹಣದಿಂದ ನೀಗಿಸಿದ ಉದಾಹರಣೆ ಬೆಂಗಳೂರಿನಲ್ಲಿದೆ. 2015ರ ನವೆಂಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಭಾರತ ಮತ್ತು ದಕ್ಷಿಣ ಆಫ್ರಿಕಾ ನಡುವಿನ ಟೆಸ್ಟ್, ಎ.ಬಿ. ಡಿವಿಲಿಯರ್ಸ್ ಅವರ ನೂರನೆಯ ಟೆಸ್ಟ್ ಎಂದು ಸಂಭ್ರಮದಿಂದ ಆರಂಭವಾಗಿ ಮೊದಲ ದಿನದ ಆಟಕ್ಕೇ ಮುಗಿದುಹೋಯಿತು. ಉಳಿದ ನಾಲ್ಕೂ ದಿನ ಮಳೆಗೆ ಆಹುತಿಯಾದವು. ಆನಂತರ 2017ರಲ್ಲಿ ಅಲ್ಲಿ ಮರಳಿನ ತಳದ ಔಟ್‌ಫೀಲ್ಡಿನ ಕೆಳಗೆ ಕೊಳವೆಗಳ ಜಾಲ ಹಾಸಿ, ಯಂತ್ರದಿಂದ ನಿರ್ವಾತ ಉಂಟುಮಾಡಿ ನೀರನ್ನು ಕೆಳಗಿನಿಂದ ಹೀರುವ ಸಬ್‌ಏರ್ ವ್ಯವಸ್ಥೆಯನ್ನು ಅಳವಡಿಸಲಾಯಿತು. ಅದೂ ಮಳೆ ನಿಂತ ಮೇಲಿನ ನೀರನ್ನು ತೆಗೆಯಬಲ್ಲದೇ ಹೊರತು ಮಳೆಯನ್ನು ನಿಲ್ಲಿಸಲಾರದು; 2025ರ ಮೇ 17ರಂದು ಬೆಂಗಳೂರು ಮತ್ತು ಕೋಲ್ಕತ ತಂಡಗಳ ಐಪಿಎಲ್ ಪಂದ್ಯ ಟಾಸ್ ಕೂಡ ಆಗದೆ ರದ್ದಾಯಿತು.

ಆಟ ಅರ್ಧಕ್ಕೆ ನಿಂತರೆ ಗೆದ್ದವರಾರು? ಅಮೆರಿಕದ ಕಾಲೇಜುಗಳಲ್ಲಿ ಕ್ರಿಕೆಟಿನ ಜಾಗದಲ್ಲಿರುವ ಬೇಸ್‌ಬಾಲ್ ಆಟದಲ್ಲಿ ಎರಡೂ ಕಡೆಯವರು ಸರದಿಯಂತೆ ಒಂಬತ್ತು ಸಲ ಬ್ಯಾಟು ಹಿಡಿಯುವುದರಿಂದ, ಐದು ಸರದಿ ಮುಗಿದಿದ್ದರೆ ಆಗಿನ ಅಂಕವನ್ನೇ ಫಲಿತಾಂಶವೆಂದು ಒಪ್ಪುವ ಸಂಪ್ರದಾಯ ಸುಲಭವಾಗಿ ಸಾಧ್ಯವಾಯಿತು. ಸೀಮಿತ ಓವರುಗಳ ಕ್ರಿಕೆಟಿನಲ್ಲಿ ಒಂದು ತಂಡ ಪೂರ್ತಿ ಆಡಿದ ಮೇಲೆ ಇನ್ನೊಂದು ಆಡುವುದರಿಂದ ಮಳೆಯ ಹೊರೆಯೆಲ್ಲ ಎರಡನೆಯ ತಂಡದ ತಲೆಗೆ ಬರುತ್ತದೆ. 1992ರ ಮಾರ್ಚ್ 22ರಂದು ಸಿಡ್ನಿಯಲ್ಲಿ ನಡೆದ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ಇಂಗ್ಲೆಂಡಿನ ವಿರುದ್ಧ ದಕ್ಷಿಣ ಆಫ್ರಿಕಾಕ್ಕೆ 13 ಎಸೆತಗಳಲ್ಲಿ 22 ಓಟ ಬೇಕಿತ್ತು. ಸಣ್ಣದೊಂದು ಮಳೆಯ ನಂತರ ಅಂದಿನ ನಿಯಮ ಅದನ್ನು ಒಂದು ಎಸೆತದಲ್ಲಿ 21 ಓಟಕ್ಕೆ ತಂದು ನಿಲ್ಲಿಸಿತು. ಆ ನಗೆಪಾಟಲಿನ ನಂತರ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞರಾದ ಫ್ರಾಂಕ್ ಡಕ್‌ವರ್ತ್ ಮತ್ತು ಟೋನಿ ಲೂಯಿಸ್ ರೂಪಿಸಿದ ವಿಧಾನ 1997ರ ಜನವರಿ 1ರಂದು ಹರಾರೆಯಲ್ಲಿ ಜಿಂಬಾಬ್ವೆ ಮತ್ತು ಇಂಗ್ಲೆಂಡ್ ಪಂದ್ಯದಲ್ಲಿ ಮೊದಲು ಬಳಕೆಯಾಯಿತು; ಆಸ್ಟ್ರೇಲಿಯಾದ ಸ್ಟೀವನ್ ಸ್ಟರ್ನ್ ಅದನ್ನು ಪರಿಷ್ಕರಿಸಿದ ಮೇಲೆ ಡಿಎಲ್‌ಎಸ್ ಎಂಬ ಹೆಸರು ಬಂದಿತು.

ಅದರ ತಿರುಳು ಸರಳವಾಗಿದೆ. ಬ್ಯಾಟು ಮಾಡುವ ತಂಡದ ಬಂಡವಾಳ ಎರಡು: ಉಳಿದ ಓವರು, ಉಳಿದ ವಿಕೆಟ್ಟು. ಐವತ್ತು ಓವರು, ಹತ್ತು ವಿಕೆಟ್ಟು ಎರಡೂ ಇದ್ದಾಗ ಬಂಡವಾಳ ಶೇಕಡ 100 ಎಂದಿಟ್ಟುಕೊಂಡರೆ, ಈ ವಿಧಾನದ ಪ್ರಕಟಿತ ಕೋಷ್ಟಕದ ಪ್ರಕಾರ 20 ಓವರು, ಎಂಟು ವಿಕೆಟ್ಟು ಉಳಿದಾಗ ಕೈಯಲ್ಲಿರುವುದು ಶೇಕಡ 52.4, ಅದೇ 20 ಓವರು ಉಳಿದು ವಿಕೆಟ್ಟು ನಾಲ್ಕೇ ಇದ್ದರೆ ಶೇಕಡ 30.8. ಹಾಸನದ ಒಂದು ಕಾಲೇಜು ಐವತ್ತು ಓವರುಗಳಲ್ಲಿ 200 ಓಟ ಮಾಡಿತೆಂದೂ, ಚನ್ನರಾಯಪಟ್ಟಣದ ತಂಡ ಮೂವತ್ತು ಓವರುಗಳಲ್ಲಿ 120 ಮಾಡಿರುವಾಗ ಮಳೆ ಬಂದು ಆಟ ಅಲ್ಲಿಗೇ ನಿಂತಿತೆಂದೂ ಭಾವಿಸೋಣ. ಎರಡು ವಿಕೆಟ್ಟು ಮಾತ್ರ ಬಿದ್ದಿದ್ದರೆ ತಂಡ ಖರ್ಚು ಮಾಡಿರುವುದು ಶೇಕಡ 47.6, 200ರ ಅಷ್ಟು ಪಾಲು 95.2 ಆದ್ದರಿಂದ ಸಮಬಲದ ಅಂಕ 95, ಚನ್ನರಾಯಪಟ್ಟಣ 25 ಓಟಗಳಿಂದ ಗೆದ್ದಂತೆ. ಆರು ವಿಕೆಟ್ಟು ಬಿದ್ದಿದ್ದರೆ ಖರ್ಚು ಶೇಕಡ 69.2, ಸಮಬಲದ ಅಂಕ 138. ಅದೇ 120 ಓಟಕ್ಕೆ ಈಗ ಸೋಲು. ಕಪ್ಪು ಮೋಡ ಹತ್ತಿರವಾದಾಗ ಅನುಭವಿ ಬ್ಯಾಟರು ಸಿಕ್ಸರಿಗೆ ಕೈಯೆತ್ತದೆ ಒಂಟಿ ಓಟಕ್ಕೆ ತೃಪ್ತನಾಗುವುದನ್ನು ಹೇಡಿತನವೆಂದು ಕೂಗುವ ಪ್ರೇಕ್ಷಕ ಈ ಕೋಷ್ಟಕವನ್ನು ಒಮ್ಮೆ ನೋಡಬೇಕು. ಐವತ್ತು ಓವರುಗಳ ಪಂದ್ಯದಲ್ಲಿ ಎರಡನೆಯ ತಂಡ ಕನಿಷ್ಠ 20 ಓವರು ಆಡಿದ್ದರೆ ಮಾತ್ರ ಈ ಲೆಕ್ಕಕ್ಕೆ ಮಾನ್ಯತೆ ಎಂಬುದನ್ನೂ ನೆನಪಿಡಬೇಕು.

ಭಾರತದಲ್ಲಿ ಇದಕ್ಕೊಂದು ಪ್ರತಿಸ್ಪರ್ಧಿಯೂ ಇದೆ. ಕೇರಳದ ತ್ರಿಶ್ಶೂರಿನ ಸಿವಿಲ್ ಎಂಜಿನಿಯರ್ ವಿ. ಜಯದೇವನ್ ರೂಪಿಸಿ 2002ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ನಿಯತಕಾಲಿಕದಲ್ಲಿ ಪ್ರಕಟಿಸಿದ ವಿಧಾನವನ್ನು ದೇಶೀಯ ಪಂದ್ಯಗಳಲ್ಲಿ ಬಳಸಲಾಗಿದೆ. ಎಂಜಿನಿಯರುಗಳಿಗೂ ಈ ಆಟಕ್ಕೂ ಇರುವ ನಂಟು ಹಾಸನಕ್ಕೆ ಹೊಸದಲ್ಲ: ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನ ಹೆಸರನ್ನು ಹೊತ್ತ ಶ್ರೀನಾಥ್ ಮೈಸೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಭಾರತ ತಂಡ ಸೇರಿದವರು, 2006ರಿಂದ ಅಂತರರಾಷ್ಟ್ರೀಯ ಪಂದ್ಯಗಳ ರೆಫರಿ.

ಇಷ್ಟೆಲ್ಲ ಲೆಕ್ಕಗಳ ನಡುವೆ ಒಂದು ಅಂಕಿ ಮಾತ್ರ ಎಲ್ಲಿಯೂ ಸಿಗುವುದಿಲ್ಲ: ಆ ಮಧ್ಯಾಹ್ನ ಆ ಮೈದಾನದ ಮೇಲೆಯೇ ಬಿದ್ದ ಮಳೆ ಎಷ್ಟು. ಪಂಚಾಯಿತಿಯ ಮಾಪಕ ಕೆಲವು ಕಿಲೊಮೀಟರ್ ಆಚೆ ಇರುತ್ತದೆ, ಮತ್ತು ಕೋಶದ ಅಂಚು ಆ ಅಂತರದೊಳಗೇ ಹಾದುಹೋಗಿರಬಹುದು. ಸ್ಕೋರರುಗಳಾದರೋ ಮಳೆಯಿಂದ ಆಟ ನಿಂತ ಹೊತ್ತನ್ನೂ ಮತ್ತೆ ಆರಂಭವಾದ ಹೊತ್ತನ್ನೂ ನಿಮಿಷ ಸಹಿತ ಬರೆದಿಡುತ್ತಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಾಲೇಜುಗಳು ತಮ್ಮ ಮೈದಾನದಂಚಿನಲ್ಲಿ ಒಂದೊಂದು ಸಾದಾ ಮಳೆಮಾಪಕವನ್ನು ನೆಟ್ಟು, ಭೌತಶಾಸ್ತ್ರ ಅಥವಾ ಭೂಗೋಳ ವಿಭಾಗದ ವಿದ್ಯಾರ್ಥಿಗಳಿಂದ ಅದರ ಅಳತೆಯನ್ನು ಸ್ಕೋರು ಪುಸ್ತಕದ ಅದೇ ಪುಟದಲ್ಲಿ ಬರೆಸುವ ಪದ್ಧತಿಯನ್ನು ಆರಂಭಿಸಬೇಕು.